ಪಟಾಲಮ್ಮನವರ ಹಿತ್ತಿಲಿನ ಹಕ್ಕಿಪೆಟ್ಟಿಗೆ

ಬೆಳಿಗ್ಗೆ ಏಳು ಗಂಟೆ. ನಾಗಸಂದ್ರದ ಪಟಾಲಮ್ಮನವರ ಹಿತ್ತಿಲಗೋಡೆಯ ಮರದ ಪೆಟ್ಟಿಗೆಯಲ್ಲಿ ಓಟು ಬಿದ್ದಿದೆಯೆಂಬ ದೂರು ಬಂದಿತ್ತು. ಅದು 1957ರ ಮಾರ್ಚ್. ಮತದಾನಕ್ಕೆ ಇನ್ನೂ ಕೆಲವು ದಿನಗಳಿದ್ದವು. ಪೆಟ್ಟಿಗೆ ಮಾಡಿದವರು ಈ ಸಂಪುಟದ ಮೂಲಕ ನಾವು ಗೌರವಿಸುತ್ತಿರುವ ಶ್ರೀ ಮುನಿನಾರಾಯಣಪ್ಪನವರು.

ಮೂವತ್ತು ವರ್ಷ ಶಾಲೆಗಳಲ್ಲಿ ಮರಗೆಲಸ ಕಲಿಸಿ ನಿವೃತ್ತರಾಗುತ್ತಿರುವ ಅವರು ನಮ್ಮ ಕಡೆಯ ಹಿತ್ತಿಲುಗಳಿಗೆ ಮಡಿವಾಳ ಹಕ್ಕಿಯನ್ನು ಮರಳಿ ಕರೆತಂದವರು. ತುಮಕೂರು ರಸ್ತೆಯ ಹಳೆಯ ಮರಗಳು ಉರುಳಿದ ಮೇಲೆ, ಪೊಟರೆಯಲ್ಲಿ ಗೂಡು ಕಟ್ಟುವ ಈ ಕಪ್ಪುಬಿಳುಪಿನ ಹಾಡುಹಕ್ಕಿಗೆ ನೆಲೆ ಇಲ್ಲವಾಗಿತ್ತು. ಅವರು ಯಶವಂತಪುರದಿಂದ ಹಳೆಯ ಹಲಗೆ ತರಿಸಿ, ಎರಡಂಗುಲದ ತೂತು ಕೊರೆದು, ಕೇಳಿದವರ ಮನೆಗೆಲ್ಲ ಪೆಟ್ಟಿಗೆ ಹಾಕಿಕೊಟ್ಟರು. ತೂತಿನ ಕೆಳಗೆ ಕೂರುವ ಕಡ್ಡಿ ಇಡಗೊಡುತ್ತಿರಲಿಲ್ಲ. ಅದು ಕಾಗೆಗೆ ಅನುಕೂಲವೆನ್ನುತ್ತಿದ್ದರು. ಪತ್ರಿಕೆಯ ಕೆಲಸ ಬಿಟ್ಟು, ಅವರಿದ್ದ ನಾಗಸಂದ್ರದ ಶಾಲೆಗೆ ಪಾಠ ಹೇಳಲು ಬಂದ ನನಗೆ ಕೋಣೆ ಸಿಗುವವರೆಗೂ ಅವರ ಮನೆಯಲ್ಲೇ ಊಟ.

ಆ ಚುನಾವಣೆಯಲ್ಲಿ ಅಭ್ಯರ್ಥಿಗೊಂದರಂತೆ ಪೆಟ್ಟಿಗೆ, ಅದರ ಮೇಲೆ ಅವರವರ ಗುರುತು. ಓಟು ಹಾಕುವ ಕ್ರಮವನ್ನು ಊರವರಿಗೆ ತೋರಿಸುವ ಕೆಲಸ ಮುನಿನಾರಾಯಣಪ್ಪನವರ ಪಾಲಿಗೆ ಬಂತು. ಸರ್ಕಾರದ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಅವರು ಉಳಿದಿದ್ದ ಹಕ್ಕಿಪೆಟ್ಟಿಗೆಗಳನ್ನೇ ಶಾಲೆಯ ಮೇಜಿನ ಮೇಲಿಟ್ಟು, ಚೀಟಿ ಮಡಿಸಿ ತೂತಿಗೆ ಹಾಕಿ ತೋರಿಸಿದರು.

ಪಟಾಲಮ್ಮನವರು ಮನೆಗೆ ಹೋಗಿ ಹಾಗೆಯೇ ಮಾಡಿದ್ದರು. ತಕ್ಕಡಿ ಗುರುತಿನ ಅಭ್ಯರ್ಥಿಯ ಏಜೆಂಟ್ ಪಿಳ್ಳಣ್ಣ ಹಂಚಿದ್ದ ಚೀಟಿಯನ್ನು ಮಡಿಸಿ, ಆಗಿನ್ನೂ ಖಾಲಿಯಿದ್ದ ಪೆಟ್ಟಿಗೆಯ ತೂತಿನೊಳಗೆ ಹಾಕಿದ್ದರು. ಬೈಸಿಕಲ್ ಗುರುತಿನ ಏಜೆಂಟ್ ನಜೀರ್, ಮೇಷ್ಟರು ತಕ್ಕಡಿಯ ಪರ ಗುಟ್ಟಾಗಿ ಓಟು ಕೂಡಿಸುತ್ತಿದ್ದಾರೆಂದು ಏಣಿ ಹೊತ್ತು ಬಂದಿದ್ದರು. ಸುದ್ದಿ ತಿಳಿದು ಮೇಷ್ಟರೂ ಪಿಳ್ಳಣ್ಣನೂ ಹಿತ್ತಿಲಿಗೆ ಬಂದರು. ಸರ್ಕಾರಿ ನೌಕರನ ಮೇಲೆ ಪ್ರಚಾರದ ದೂರು ನಿಂತರೆ ಕೆಲಸ ಹೋಗುತ್ತಿತ್ತು.

“ನೀವೇ ಅಲ್ವಾ ಸ್ವಾಮಿ ಇಸ್ಕೂಲ್ನಾಗೆ ತೋರ್ಸಿದ್ದು? ಇಂಗೆ ಮಡ್ಸಿ ಇಂಗೆ ಹಾಕು ಅಂದ್ರಿ, ಹಾಕಿವ್ನಿ” ಎಂದರು ಪಟಾಲಮ್ಮ.

ಮೇಷ್ಟರು ಇಕ್ಕಟ್ಟಿಗೆ ಸಿಕ್ಕರು. ಪೆಟ್ಟಿಗೆ ಹಕ್ಕಿಯದೆಂದರೆ ಶಾಲೆಯಲ್ಲಿ ಓಟಿಗೆ ತೋರಿಸಿದ್ದೇಕೆ? ಓಟಿನದೆಂದರೆ ಇಲ್ಲಿ ಗೋಡೆಗೆ ಹಾಕಿದ್ದೇಕೆ? ಮುಚ್ಚಳ ತೆಗೆದರೆ ಸಂಶಯ ತೀರುತ್ತಿತ್ತು, ಆದರೆ ಒಳಗೆ ಹೆಣ್ಣುಹಕ್ಕಿ ಕಾವಿಗೆ ಕೂತಿತ್ತು. ಬೆದರಿಸಿದರೆ ಅದು ಗೂಡನ್ನೇ ಬಿಟ್ಟುಹೋಗಬಹುದು. ಹಕ್ಕಿ ಮೇವಿಗೆ ಹೋಗುವವರೆಗೆ ಕಾಯಬೇಕೆಂದು ಅವರು ಕೇಳಿಕೊಂಡರು. ಎಲ್ಲರೂ ಹಿತ್ತಿಲಲ್ಲೇ ಕುಳಿತು ಕಾದರು.

ಹಕ್ಕಿ ಹೊರಬಿತ್ತು. ಪಿಳ್ಳಣ್ಣ ಏಣಿ ಹತ್ತಿ ಮುಚ್ಚಳ ಎತ್ತಿದರು.

“ಓಟಿಲ್ಲ ಕಣಯ್ಯಾ ನಜೀರು, ಮೊಟ್ಟೆ ಐತೆ. ಮೊಟ್ಟೆ ಕೆಳಗೆ ನಮ್ ತಕ್ಕಡಿ ಐತೆ. ಹಕ್ಕಿ ನಮ್ ಕಡೆ.”

“ಹಂಗಾದ್ರೆ ಚೀಟಿ ತೆಗೀರಿ ಮೇಷ್ಟ್ರೇ” ಎಂದರು ನಜೀರ್.

ತೆಗೆಯಬೇಕಾದರೆ ಮೊಟ್ಟೆ ಎತ್ತಬೇಕು. ಮುನಿನಾರಾಯಣಪ್ಪನವರು ಏಣಿಯ ಬುಡದಲ್ಲಿ ನಿಂತು ಹೇಳಿದರು: “ಮರಿ ಹಾರೋವರ್ಗೂ ಆಗಲ್ಲ, ನಜೀರ್ ಸಾಹೇಬ್ರೇ. ದೂರು ಕೊಡ್ತೀರಾ, ಕೊಡಿ. ನನ್ನ ಹೆಸರು ಬರೀರಿ, ಈಯಮ್ಮನ ಹೆಸರು ಬೇಡ.”

ನಜೀರ್ ತಾವೂ ಏಣಿ ಹತ್ತಿ ಮೊಟ್ಟೆಗಳನ್ನು ನೋಡಿ ಇಳಿದರು. ಆಮೇಲೆ ಬೈಸಿಕಲ್ ಗುರುತಿನ ಚೀಟಿಯೊಂದನ್ನು ಪೆಟ್ಟಿಗೆಯಿಂದ ಮಾರು ದೂರದ ಗೋಡೆಗೆ ಅಂಟಿಸಿ, ಈಗ ಲೆಕ್ಕ ಸಮವಾಯಿತೆಂದು ಏಣಿ ಹೊತ್ತು ಹೊರಟರು.

“ಅಂಗಾರೆ ನನ್ ಓಟು ಯಾವುದಕ್ಕೆ ಬಿತ್ತು?” ಎಂದು ಪಟಾಲಮ್ಮ ಕೇಳಿದರು.

ಇಂದು ಹೆಸರಘಟ್ಟದವರೆಗೂ ಮುನಿನಾರಾಯಣಪ್ಪನವರ ಪೆಟ್ಟಿಗೆಗಳಿವೆ. ನಿವೃತ್ತಿಯ ಬಿಡುವು ಅವರ ಉಳಿಗೆ ಬಾರದಿರಲಿ; ಆಯುಷ್ಯ, ಆರೋಗ್ಯ ಎರಡೂ ಅವರ ಕೈಹಿಡಿಯಲಿ.

ಆ ಚುನಾವಣೆಯಲ್ಲಿ ತಕ್ಕಡಿಯೂ ಸೋತಿತು, ಬೈಸಿಕಲ್ಲೂ ಸೋತಿತು. ಪಟಾಲಮ್ಮನವರ ಪೆಟ್ಟಿಗೆಯಿಂದ ಏಪ್ರಿಲ್‌ನಲ್ಲಿ ಮೂರು ಮರಿಗಳು ಹಾರಿದವು.