ಒಂದೇ ಪಂಕ್ತಿಯಲ್ಲಿ ಕೂತಿದ್ದರು

ಮೂರು ವರ್ಷದ ಹಿಂದಿನ ಮಳೆಗಾಲ. ಮಗಳು ಸೌಮ್ಯ ಬಾಣಂತನಕ್ಕೆ ಸಂಸೆಯ ನಮ್ಮ ಮನೆಗೆ ಬಂದಿದ್ದಳು. ಬಚ್ಚಲಿಗೆ ಹತ್ತಿರ, ಗಾಳಿ ತಾಗುವುದಿಲ್ಲ ಎಂದು ಅವಳನ್ನೂ ಹಸುಗೂಸನ್ನೂ ಗುಡ್ಡದ ಬದಿಯ ಹಿಂದಿನ ಕೋಣೆಯಲ್ಲಿ ಮಲಗಿಸಿದ್ದೆವು.

ಅದೇ ಹೊತ್ತಿಗೆ ನಮ್ಮ ಕಡೆಯ ಗುಡ್ಡಗಳು ಹೇಗೆ ಬದಲಾಗುತ್ತಿವೆ ಎಂದು ನೋಡಲು ಮೂವರು ಸಂಶೋಧಕರು ಬಂದಿದ್ದರು. ಒಬ್ಬರು ಮಣ್ಣು, ಬಂಡೆ ನೋಡುವವರು. ಇನ್ನೊಬ್ಬರು ಮಳೆ ಅಳೆಯುವವರು. ಮೂರನೆಯವಳು ರೇಖಾ, ಹಳಬರ ಅನುಭವ ಕೇಳುವ ಹುಡುಗಿ. ಹತ್ತಿರ ಹೋಟೆಲ್ ಇಲ್ಲವಲ್ಲ, ಮಧ್ಯಾಹ್ನದ ಊಟ ನಮ್ಮಲ್ಲೇ. ಬಾಣಂತಿ ಇರುವ ಮನೆಗೆ ಇವರೊಂದು ರಗಳೆ ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ.

ಅವತ್ತು ನಮ್ಮತ್ತೆ ಸಾರು ಬಡಿಸುತ್ತಾ, "ಬಚ್ಚಲ ಹಿಂದಿನ ಒರತೆ ಎಂಥಾ ಮಳೆಗೂ ಕದಡಿದ್ದಲ್ಲ ಮಾರಾಯ್ತಿ. ನಿನ್ನೆಯಿಂದ ಕೆಂಪು ನೀರು ಬರ್ತಿದೆ" ಎಂದು ರೇಖಾಳಿಗೆ ಹೇಳಿದರು. ಅವಳು ತಟ್ಟನೆ ಪಕ್ಕಕ್ಕೆ ತಿರುಗಿ, "ಸರ್, ಕೇಳಿಸ್ತಾ?" ಎಂದಳು.

ಮಣ್ಣಿನವರ ಕೈ ಎಲೆಯ ಮೇಲೇ ನಿಂತಿತು. "ಮೇಲೆ ತೊಟ್ಟಿಲುಗುಂಡಿ ಹತ್ರ ಒಂದು ಬಿರುಕು ನೋಡ್ದೆ. ಹಳೇದು ಅಂದ್ಕೊಂಡಿದ್ದೆ. ಒರತೆ ಕೆಂಪಾಗಿದೆ ಅಂದ್ರೆ ಗುಡ್ಡದೊಳಗೆ ಮಣ್ಣು ಕದಲ್ತಿರಬಹುದು" ಎಂದರು. ತೊಟ್ಟಿಲುಗುಂಡಿ ಎಂದರೆ ಮಳೆನೀರು ಇಂಗಲಿ ಎಂದು ಕಾಫಿ ಗಿಡಗಳ ನಡುವೆ ತೆಗೆಸುವ ಉದ್ದನೆಯ ಗುಂಡಿಗಳು. ಬೇಸಿಗೆಯಲ್ಲಿ ನೀರು ಸಾಲದೆಂದು ನಮ್ಮ ಮನೆಯವರೇ ಆ ವರ್ಷ ಮನೆಯ ಮೇಲ್ಭಾಗದಲ್ಲೂ ತೆಗೆಸಿದ್ದರು. ಈಗ ಎಲ್ಲವೂ ತುಂಬಿ ನಿಂತಿದ್ದವು. "ಮಳೆ ಇನ್ನೂ ಜೋರಾಗುತ್ತೆ" ಎಂದರು ಮಳೆಯವರು.

"ಹಿಂದಿನ ಕೋಣೆ ಖಾಲಿ ಮಾಡಿ. ಸಾಧ್ಯವಾದ್ರೆ ಎಲ್ಲರೂ ಮನೆ ಬಿಡಿ" ಎಂದು ಮಣ್ಣಿನವರು ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. "ಊಟಕ್ಕೆ ಕೂತವರು ಅಪಶಕುನ ನುಡೀಬೇಡಿ" ಎಂದುಬಿಟ್ಟೆ. ನಾಮಕರಣಕ್ಕೆ ಮೊದಲು ಬಾಣಂತಿ ಹೊಸ್ತಿಲು ದಾಟುವ ಪದ್ಧತಿಯೇ ನಮ್ಮಲ್ಲಿಲ್ಲ.

ಮಣ್ಣಿನವರು ಬೇಜಾರು ಮಾಡಿಕೊಳ್ಳಲಿಲ್ಲ. ಅತ್ತೆಯತ್ತ ನೋಡಿ, "ಅಜ್ಜಿ, ಗುಡ್ಡ ಜಾರೇ ಜಾರುತ್ತೆ ಅಂತ ನಾನು ಹೇಳಲಾರೆ. ಆದ್ರೆ ನನ್ನ ತಂಗಿ ಆ ಕೋಣೇಲಿದ್ರೆ ಈಗ್ಲೇ ಕರ್ಕೊಂಡು ಹೋಗ್ತಿದ್ದೆ" ಎಂದರು.

ಅತ್ತೆ ಸೌಟು ಕೆಳಗಿಟ್ಟರು. ಒಳಗಿಂದ ಅಡಿಕೆ ಕತ್ತರಿ ತಂದು ಸೌಮ್ಯಳ ಕೈಗೆ ಕೊಟ್ಟು, "ಕಬ್ಬಿಣ ಕೈಲಿದ್ರೆ ಯಾವ ದೋಷವೂ ತಟ್ಟಲ್ಲ. ಏಳು ಮಗಾ" ಎಂದರು. ಅವರು ಹಾಗೆಂದ ಮೇಲೆ ನನ್ನದೇನು? ಮೂವರೂ ಅರ್ಧ ಊಟದಲ್ಲೇ ಎದ್ದು, ತಮ್ಮ ಯಂತ್ರಗಳನ್ನೆಲ್ಲ ಜೀಪಿನಿಂದ ಇಳಿಸಿ ಜಾಗ ಮಾಡಿದರು. ಕತ್ತಲಾಗುವ ಮೊದಲೇ ನಾವೆಲ್ಲ ಕಳಸದಲ್ಲಿ ನನ್ನ ತಂಗಿಯ ಮನೆ ಸೇರಿದೆವು.

ಮರುದಿನ ಬೆಳಿಗ್ಗೆ ಗುಡ್ಡ ಜಾರಿತು. ಹಿಂದಿನ ಕೋಣೆಯ ಗೋಡೆ ಒಡೆದು, ಬಾಣಂತಿಯ ಮಂಚ ಕಾಣದಷ್ಟು ಮಣ್ಣು ತುಂಬಿತ್ತು.

ಸಂಜೆ ಆ ಮೂವರೂ ನಮ್ಮನ್ನು ನೋಡಲು ಕಳಸಕ್ಕೆ ಬಂದರು. ಕೂಸನ್ನು ತಂದು ಮಣ್ಣಿನವರ ಮಡಿಲಲ್ಲಿ ಹಾಕಿದೆ. ಅವರಿಗೆ ಕೂಸು ಹಿಡಿದು ಗೊತ್ತಿಲ್ಲ, ಉಸಿರು ಬಿಗಿಹಿಡಿದು ಕೂತರು. ಎಲ್ಲರೂ ನಕ್ಕರು. ನನಗೆ ಮಾತ್ರ ಅಳು ಒತ್ತರಿಸಿ ಬಂತು.

ಬೇರೆ ಬೇರೆಯಾಗಿ ಬಂದಿದ್ದರೆ ಒಬ್ಬರು ಬಿರುಕು ನೋಡಿ, ಒಬ್ಬರು ಮಳೆ ಅಳೆದು, ಒಬ್ಬಳು ಅತ್ತೆಯ ಮಾತು ಕೇಳಿ ಹೋಗಿಬಿಡುತ್ತಿದ್ದರು. ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡಿದ್ದಕ್ಕೆ ನನ್ನ ಮಗಳು, ಮೊಮ್ಮಗಳು ಇವತ್ತು ಇದ್ದಾರೆ. ಅವರ ಋಣ ನಾನು ಹೇಗೆ ತೀರಿಸಲಿ?