ಹೀರೋನ ಜೊತೆ ಇಳಿಯದ ಪೇಟಿ

ಹಳ್ಳಿ ನಾಟಕಕ್ಕೆ ಹಾರ್ಮೋನಿಯಂ ನುಡಿಸುವವನನ್ನು ನಮ್ಮಲ್ಲಿ ಪೇಟಿ ಮಾಸ್ತರ ಎನ್ನುತ್ತಾರೆ. ಹೀರೋ ಹಿಡಿದ ಸುರ ಬಿಟ್ಟು ಇಳಿದರೆ ಮಾಸ್ತರನ ಬೆರಳೂ ಕೂಡಲೇ ಇಳಿಯಬೇಕು. ಇಬ್ಬರೂ ಕೂಡಿ ತಪ್ಪಿದರೆ ಜನಕ್ಕೆ ಗೊತ್ತಾಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ಮುಧೋಳ, ಬೀಳಗಿ ಕಡೆ ನಾನು ಹೊಟ್ಟೆ ಹೊರೆದದ್ದು ಹೀಗೆಯೇ.

ಬನಹಟ್ಟಿಯ ಒಬ್ಬ ನೂಲಿನ ವ್ಯಾಪಾರಿಗೆ ಹೀರೋ ಪಾರ್ಟು ಮಾಡುವ ಹುಚ್ಚು. ಎತ್ತರದ ಆಳು, ಗಟ್ಟಿ ಮಾತು, ಸುರದ ಕಿವಿ ಮಾತ್ರ ಇಲ್ಲ. ಮೂರು ನಾಟಕಗಳಲ್ಲಿ ಅವನ ಮಾನ ಕಾಯ್ದೆ. ಲೋಕಾಪುರದಲ್ಲಿ ಅವನು ಒಂದೇ ಹಾಡಿನಲ್ಲಿ ಎರಡು ಸಲ ಸುರ ಬದಲಿಸಿದ. ಎರಡನೆಯ ಸಲ ನನ್ನ ಬೆರಳು ತಡವಾಯಿತು. ಜನ ನಕ್ಕರು. ಅವನು ಹಾಡು ನಿಲ್ಲಿಸಿ ನನ್ನ ಕಡೆ ಕೈ ತೋರಿಸಿದ.

"ಪೇಟೀನ ಬೇಸೂರ ಐತ್ರೀ, ನಾ ಏನ್ ಮಾಡ್ಲಿ?"

ಜನ ಮತ್ತೆ ನಕ್ಕರು, ಈ ಸಲ ನನ್ನನ್ನು ನೋಡಿ.

ಆ ಮಾತು ನನಗಿಂತ ಮೊದಲೇ ನಮ್ಮೂರು ಜಮಖಂಡಿ ಮುಟ್ಟಿತು. ನನ್ನನ್ನು ಗೊತ್ತುಮಾಡಿದ್ದ ಮೂರು ಊರಿನವರು ಬೇರೆ ಮಾಸ್ತರನನ್ನು ಕರೆದರು. ಪೇಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಸಿಕ್ಕ ಕೆಲಸಕ್ಕೆ ಹೋದೆ: ಶಾಲೆಯ ಗ್ಯಾದರಿಂಗ್, ಮದುವೆ, ಸತ್ತವರ ಮನೆಯ ಭಜನೆ. ಒಂದು ಚುನಾವಣೆಯಲ್ಲಿ ಜೀಪಿನೊಳಗೆ ಕುಳಿತು ಬೆಳಗ್ಗೆ ಒಂದು ಪಕ್ಷಕ್ಕೆ, ಮಧ್ಯಾಹ್ನ ಅದರ ವಿರೋಧಿಗೆ ನುಡಿಸಿದೆ. ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ: "ಮಾಸ್ತರ, ಪೇಟಿ ರಿಪೇರಿ ಆತೇನ್ರಿ?"

ನಾಲ್ಕನೆಯ ವರ್ಷ ಆ ವ್ಯಾಪಾರಿಯೇ ಹೇಳಿಕಳಿಸಿದ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸದವರಿಗಾಗಿ ಮಧ್ಯಾಹ್ನದ ನಾಟಕವಿತ್ತು. ಅವನ ಮಾಸ್ತರ ಕಾಲು ಮುರಿದುಕೊಂಡಿದ್ದ. ನನ್ನ ಪೇಟಿ ಸುರದಲ್ಲೇ ಇದೆಯೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಪರದೆ ಏಳುವ ಮೊದಲು ಜನರೆದುರು ಪೇಟಿಯ ಪರೀಕ್ಷೆಯಾಗಬೇಕು ಎಂದೆ. ನಕ್ಕು ಒಪ್ಪಿದ.

ಜಮಖಂಡಿಯ ಹಿರಿಯ ಕ್ಲಾರಿಯೋನೆಟ್ ವಾದಕರೊಬ್ಬರು ಅಂದು ನಮ್ಮ ಜೊತೆಗಿದ್ದರು. ಅವರು ಊದಿದರು, ನಾನು ಒತ್ತಿದೆ. ಸುರ ಖರೆ ಐತಿ ಎಂದು ಅವರು ಮೈಕಿನಲ್ಲಿ ಹೇಳಿದರು.

ಹೀರೋ ಮೊದಲ ಹಾಡಿನ ಎರಡನೆಯ ಸಾಲಿಗೇ ಇಳಿದ. ನಾನು ಇಳಿಯಲಿಲ್ಲ. ಅವನು ನನ್ನ ಕಡೆ ನೋಡಿದ. ನಾನು ಪೇಟಿ ನೋಡುತ್ತಿದ್ದೆ. ಗಾಬರಿಯಲ್ಲಿ ಮೇಲೇರಲು ಹೋಗಿ ಸುರವನ್ನು ದಾಟಿಬಿಟ್ಟ. ಮುಂದೆ ಕುಳಿತಿದ್ದ ಕಾರ್ಮಿಕನೊಬ್ಬ ಎದ್ದು ನಿಂತ.

"ಸಾವ್ಕಾರ್ರ, ಪೇಟಿ ಒಂದ್ ಊರಾಗೈತಿ, ನೀವೊಂದ್ ಊರಾಗ ಅದೀರಿ."

ಮೂರನೆಯ ಹಾಡಿನ ಹೊತ್ತಿಗೆ ಶಿಳ್ಳೆ ಶುರುವಾಯಿತು. ಕೊನೆಯ ಹಾಡನ್ನು ಅವನು ಹಾಡಲಿಲ್ಲ, ಮಾತಿನಂತೆ ಹೇಳಿ ಒಳಗೆ ಹೋದ.

ಬಣ್ಣ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ: "ಹಿಂಗ್ಯಾಕ ಮಾಡಿದ್ರಿ ಮಾಸ್ತರ?"

"ಏನ್ ಮಾಡೀನ್ರೀ? ಬರೋಬ್ಬರಿ ನುಡಿಸೀನಿ."

ಅವನು ಮತ್ತೆ ಬಣ್ಣ ಹಚ್ಚಲಿಲ್ಲ. ಪೇಟಿ ಬೇಸೂರೆಂದು ಮತ್ತೆ ಯಾರೂ ಅನ್ನಲಿಲ್ಲ. ಆದರೆ ನಾಟಕದ ಕೆಲಸವೂ ಬರಲಿಲ್ಲ. ಸುತ್ತಲಿನ ಹೀರೋಗಳಿಗೆಲ್ಲ ನನ್ನ ಭಯ ಹತ್ತಿತ್ತು. ಮದುವೆ, ಭಜನೆಗಳಲ್ಲೇ ವರ್ಷಗಳು ಹೋದವು. ಅನ್ನ ಕಳೆದುಕೊಂಡೆಯಲ್ಲ, ಪಶ್ಚಾತ್ತಾಪ ಇಲ್ಲವೇ ಎಂದು ಕೇಳಿದವರಿದ್ದಾರೆ. ಆ ಮಧ್ಯಾಹ್ನ ಅವನು ಸಹಾಯಕ್ಕಾಗಿ ನನ್ನ ಕಡೆ ಏಳು ಸಲ ನೋಡಿದ. ಓರೆಗಣ್ಣಿನಲ್ಲಿ ಎಣಿಸಿದ್ದೇನೆ.