ಅಳಿಯನ ಪಾಲಿಗೆ ಹೋದ ಬೈಕು

ಮೂರು ವರ್ಷಗಳ ಹಿಂದಿನ ಮಾತು. ಕಣ್ಣು ಮಂಜಾಗಿ ಅಪ್ಪ ಬೈಕ್ ಓಡಿಸುವುದನ್ನು ನಿಲ್ಲಿಸಿದ ವರ್ಷ ಅದು. ನಾನು ಹುಟ್ಟುವ ಮೊದಲೇ ಅವರು ಕೊಂಡ, ಎರಡು ಸೈಲೆನ್ಸರಿನ ಬೈಕು. ಹನ್ನೆರಡನೇ ವಯಸ್ಸಿನಿಂದ ಅದರ ಕಾರ್ಬೊರೇಟರ್ ಬಿಚ್ಚಿ ತೊಳೆದವನು ನಾನು. ಅದು ನನಗೇ ಎಂದು ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ. ಅಪ್ಪ ಕೀಲಿಯನ್ನು ತಮ್ಮ ತಂಗಿಯ ಮಗ, ಶಿರ್ವದ ಪ್ರವೀಣನ ಕೈಗೆ ಕೊಟ್ಟರು. "ಅಳಿಯನಿಗೆ ನನ್ನದೊಂದು ನೆನಪು ಇರಲಿ" ಎಂದರು.

ನಮ್ಮದು ಅಳಿಯಕಟ್ಟಿನ ಮನೆತನ. ಮಾವನ ಆಸ್ತಿ ಮಗನಿಗಲ್ಲ, ತಂಗಿಯ ಮಗನಾದ ಅಳಿಯನಿಗೆ ಎಂಬುದು ಕಾಯ್ದೆ ಬದಲಾದರೂ ಹಿರಿಯರ ಮನಸ್ಸಿನಿಂದ ಹೋಗಿಲ್ಲ. ಕಾರ್ಕಳದ ಅಮ್ಮನ ಮನೆಯಿಂದ ನನಗೂ ಬರಬೇಕಾದ್ದು ಬಂದಿದೆ, ಅದನ್ನು ಒಪ್ಪುತ್ತೇನೆ. ಆದರೆ ಬೈಕಿಗೆ ಎಂತ ಅಳಿಯಕಟ್ಟು?

ಪ್ರವೀಣ ಅದಕ್ಕೆ ಹೊಸ ಪೇಂಟ್ ಹೊಡೆಸಿದ. ಭಾನುವಾರ ಮಣಿಪಾಲಕ್ಕೆ ಓಡಿಸಿಕೊಂಡು ಹೋಗಿ ಕಾಲೇಜು ಹುಡುಗರ ಮಧ್ಯೆ ನಿಂತು ಫೋಟೊ ತೆಗೆಸಿಕೊಂಡು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನನಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ಕೆಟ್ಟು ನಿಲ್ಲಲಿ ಎಂದು ಮನಸ್ಸಿನಲ್ಲೇ ಹಾರೈಸಿದ್ದೂ ಉಂಟು.

ನನ್ನ ಹಾರೈಕೆ ಫಲಿಸಿತು. ಒಂದು ದಿನ ಅವನ ಫೋನು. "ಭಾವ, ಐದಾರು ಕಿಲೋಮೀಟರ್ ಹೋದರೆ ಆಫ್ ಆಗ್ತದೆ. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗ್ತದೆ. ಉಡುಪಿಯಲ್ಲಿ ಮೂರು ಸಲ ಕಾರ್ಬೊರೇಟರ್ ಕ್ಲೀನ್ ಮಾಡಿಸಿದೆ, ಪ್ಲಗ್ ಬದಲಿಸಿದೆ. ನೀವು ಒಮ್ಮೆ ನೋಡ್ಬೇಕಿತ್ತು." ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ, ಪೇಂಟ್ ಹೊಡೆದರೆ ಬೈಕ್ ಓಡುತ್ತದೆಯೇ ಎಂದು ಒಳಗೊಳಗೇ ನಕ್ಕೆ. "ತಗೊಂಡು ಬಾ ಮಾರಾಯ" ಎಂದೆ.

ಟೆಂಪೋದಲ್ಲಿ ಹೇರಿಸಿಕೊಂಡು ಕಾಪುವಿನ ನಮ್ಮ ಮನೆಗೆ ತಂದ. ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಪೆಟ್ರೋಲ್ ಸರಿಯಾಗಿ ಇಳಿಯುತ್ತಿತ್ತು. ಕಾರ್ಬೊರೇಟರಿನಲ್ಲಿ ಒಂದು ಕಸವೂ ಇರಲಿಲ್ಲ. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ನೀಲಿಯಾಗಿ, ಚೆನ್ನಾಗಿಯೇ ಬರುತ್ತಿತ್ತು. ಪ್ಲಗ್ ಮತ್ತೆ ಹಾಕಿ, ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಕೆಮ್ಮಿ ಕೆಮ್ಮಿ ನಿಂತಿತು. ಈಗ ನೋಡಿದರೆ ಪ್ಲಗ್ಗಿನ ಕಿಡಿ ಹಳದಿಯಾಗಿ ಸೋತಿದೆ. ಬದಿಯ ಮುಚ್ಚಳ ತೆಗೆದು ಕಿಕ್ ಹೊಡೆದಾಗ, ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ, ಒಳಗೆ ಕರೆಂಟು ಕಡಿದು ಕೊಡುವ ಪಾಯಿಂಟಿನಲ್ಲೇ ಹಾರುತ್ತಿತ್ತು. ಅಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಹೋಗಿತ್ತು. ಹೆಬ್ಬೆರಳಿಗಿಂತ ಚಿಕ್ಕ ಸಾಮಾನು, ನನ್ನ ಡಬ್ಬಿಯಲ್ಲೇ ಹೊಸದೊಂದು ಇತ್ತು.

ಆಗ ನನ್ನ ಬಾಯಿಂದ ಬಂದ ಮಾತು ಬೇರೆ. "ಕ್ರ್ಯಾಂಕಿನ ಸೀಲ್ ಹೋಗಿದೆ. ಎಂಜಿನ್ ಪೂರ್ತಿ ಬಿಚ್ಚಬೇಕು. ಸಾಮಾನು ಈಗ ಎಲ್ಲಿ ಸಿಗ್ತದೆ? ನಿನಗೆ ಯಾಕೆ ಈ ತಲೆನೋವು, ಇಲ್ಲೇ ಇರಲಿ."

ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನೀವು ಹೇಳಿದ ಮೇಲೆ ಮುಗಿಯಿತು ಭಾವ" ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟ. "ಮಾವನನ್ನು ಒಮ್ಮೆ ಇದರಲ್ಲಿ ಕೂರಿಸಿಕೊಂಡು ಕಾರ್ಕಳಕ್ಕೆ ಹೋಗ್ತೇನೆ ಅಂತ ಹೇಳಿದ್ದೆ. ಇನ್ನು ಆಗ್ಲಿಕ್ಕಿಲ್ಲ ಅಲ್ವಾ" ಎಂದು ಬಸ್ಸಿಗೆ ಹೊರಟ. ಎಷ್ಟು ಸಮಯದಿಂದ ಬೇಕೆಂದಿದ್ದ ಕೀಲಿ ಕೈಗೆ ಬಂದಿತ್ತು. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಅವನು ಗೇಟು ದಾಟಿದ ಮೇಲೆ ಅಪ್ಪ ಕೇಳಿದರು. "ಬಿಸಿಯಾದ ಮೇಲೆ ನಿಲ್ಲುವುದು ಕಂಡೆನ್ಸರ್ ಅಲ್ವಾ?"

ಅವರ ಕಣ್ಣು ಮಾತ್ರ ಮಂಜಾಗಿದೆ, ಕಿವಿ ಅಲ್ಲ ಎಂಬುದನ್ನು ನಾನು ಮರೆತಿದ್ದೆ. ಸ್ಪ್ಯಾನರ್ ಒರೆಸುತ್ತಾ ನಿಂತೆ.

"ಉಡುಪಿಯವರನ್ನು ಬಿಡು, ನನ್ನ ಮಗನಲ್ಲಿಗೆ ತಗೊಂಡು ಹೋಗು, ಅವನ ಮಾತು ತಪ್ಪುವುದಿಲ್ಲ ಅಂತ ಪ್ರವೀಣನಿಗೆ ಹೇಳಿದ್ದು ನಾನು" ಎಂದರು. ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಂಡೆನ್ಸರ್ ಬದಲಿಸಿ, ಪಾಯಿಂಟ್ ಉಜ್ಜಿ, ಬೈಕ್ ಹತ್ತಿ ಬಸ್‌ಸ್ಟ್ಯಾಂಡಿಗೆ ಓಡಿಸಿದೆ. ಪುಣ್ಯಕ್ಕೆ ಶಿರ್ವದ ಬಸ್ಸು ಇನ್ನೂ ಬಂದಿರಲಿಲ್ಲ. ನಿಜ ಹೇಳಬೇಕೆಂದೇ ಹೋಗಿದ್ದೆ. ಅವನ ಮುಖ ನೋಡಿದ ಮೇಲೆ "ನಾನು ನೋಡಿದ್ದು ತಪ್ಪಾಯ್ತು ಮಾರಾಯ, ಸಣ್ಣದೇ ಇತ್ತು" ಎಂದಷ್ಟೇ ಬಂತು, ಕೀಲಿಯನ್ನು ಅವನ ಕೈಗೆ ವಾಪಸ್ ಕೊಟ್ಟೆ. ಅವನು ಅಲ್ಲೇ ನನ್ನ ಫೋಟೊ ತೆಗೆದು, ಉಡುಪಿಯವರಿಗೆ ಆಗದ್ದನ್ನು ಭಾವ ಅರ್ಧ ಗಂಟೆಯಲ್ಲಿ ಮಾಡಿದರು ಎಂದು ಗುಂಪಿಗೆ ಹಾಕಿದ. ಆ ಹೊಗಳಿಕೆಯನ್ನು ಇವತ್ತಿಗೂ ತೆರೆದು ನೋಡಲು ಆಗುವುದಿಲ್ಲ.

ಮುಂದಿನ ಭಾನುವಾರ ಅಪ್ಪ ಅವನ ಹೆಗಲು ಹಿಡಿದು ಹಿಂದೆ ಕುಳಿತು ಕಾರ್ಕಳಕ್ಕೆ ಹೋದರು. ನಾನು ಗೇಟಿನ ಬಳಿ ನಿಂತು ನೋಡಿದೆ. ಹೊಟ್ಟೆ ಆಗಲೂ ಉರಿಯಿತು, ಈಗಲೂ ಉರಿಯುತ್ತದೆ. ಅಪ್ಪ ಆ ದಿನದ ಬಗ್ಗೆ ಯಾರಲ್ಲೂ ಬಾಯಿಬಿಟ್ಟಿಲ್ಲ. ಪ್ರವೀಣನ ಮನೆಗೆ ಈ ಪತ್ರಿಕೆ ತಪ್ಪದೆ ಬರುತ್ತದೆ. ಅದು ಗೊತ್ತಿದ್ದೇ ಇದನ್ನು ಇಲ್ಲಿಗೆ ಬರೆದಿದ್ದೇನೆ.